ಬಾಲಮಂದಿರದ ಬೆಳಗು ಯಾರದು?

ಜನವರಿಯ ಎರಡನೆಯ ವಾರ ಅಹಮದಾಬಾದಿನಿಂದ ಸೂರತ್‌ವರೆಗೆ ಯಾವ ಶಿಶುತರಗತಿಯ ಬಾಗಿಲು ತೆರೆದರೂ ಗೋಡೆ ತುಂಬ ಗಾಳಿಪಟ. 14ರ ಉತ್ತರಾಯಣಕ್ಕೆ ಊರಿನ ಮಾಳಿಗೆಗಳಿಗಿಂತ ಮೊದಲೇ ಸಜ್ಜಾಗುವುದು ನರ್ಸರಿಗಳು. ಹತ್ತಿರ ಹೋಗಿ ನೋಡಿದರೆ ಎಲ್ಲ ಪಟಗಳ ಅಳತೆ ಒಂದೇ, ಬಾಲವೂ ಒಂದೇ. ಬಹಳಷ್ಟು ಕಡೆ ಅವು ಹಿಂದಿನ ರಾತ್ರಿ ಮಿಸ್ ಮನೆಯಲ್ಲಿ ಕೂತು ಕತ್ತರಿಸಿ ತಂದವು. ಮಗುವಿನ ಪಾಲಿಗೆ ಬಂದದ್ದು ಒಂದು ಚುಕ್ಕೆ ಅಂಟು, ಒಂದು ಫೋಟೊ. ಅದೇ ವಾರ ಬೆಂಗಳೂರಿನ ನರ್ಸರಿಗಳಲ್ಲಿ ಎಳ್ಳುಬೆಲ್ಲದ ಪೊಟ್ಟಣ, ಜರಿಲಂಗ, ಜಾರುತ್ತಲೇ ಇರುವ ಪುಟ್ಟ ಪಂಚೆ. ಸಂಜೆಯೊಳಗೆ ಎಲ್ಲವೂ ತಾಯಂದಿರ ವಾಟ್ಸ್‌ಆ್ಯಪ್ ಗುಂಪಿನಲ್ಲಿ.

ಇನ್ನೊಂದು ಬಗೆಯ ತರಗತಿಯೂ ಉಂಟು. ಅಲ್ಲಿ ಮಕ್ಕಳ ಮುಂದೆ ಹಳೆಯ ಪತ್ರಿಕೆ, ಬಿದಿರಿನ ಕಡ್ಡಿ, ಗೋಧಿಹಿಟ್ಟಿನ ಅಂಟು ಇಟ್ಟು ಟೀಚರು ಪಕ್ಕಕ್ಕೆ ಸರಿದಿರುತ್ತಾರೆ. ಅರ್ಧ ಗಂಟೆಯ ಬಳಿಕ ಕಾಣುವುದು ಹರಿದ ಕಾಗದ, ಅಂಟಾದ ಮೊಣಕೈ, ಹಾರದ ಗಾಳಿಪಟ. ಗೋಡೆಗೆ ಅಂಟಿಸಲು ಒಂದೂ ಯೋಗ್ಯವಾಗಿರುವುದಿಲ್ಲ.

ಎರಡನ್ನೂ ಶಾಲೆಯ ವರದಿಯಲ್ಲಿ ‘ಚಟುವಟಿಕೆ’ ಎಂದೇ ಬರೆಯುತ್ತಾರೆ. ಮೂರರಿಂದ ಆರರ ನಡುವಿನ ಮಗುವಿಗೆ ಅರ್ಥಪೂರ್ಣವಾದ ಚಟುವಟಿಕೆ ಯಾವುದು, ಬಾಲ್ಯವನ್ನು ಸಂಭ್ರಮಿಸುವುದೆಂದರೆ ಅದನ್ನು ಪ್ರದರ್ಶಿಸುವುದೋ ಅದಕ್ಕೆ ಬಿಡುವು ಕೊಡುವುದೋ ಎಂಬ ವಾದಕ್ಕೆ ಭಾರತದಲ್ಲಿ ನೂರು ವರ್ಷ ದಾಟಿದೆ. ಆ ವಾದ ಅತ್ಯಂತ ಗಟ್ಟಿಯಾಗಿ ನಡೆದ ನೆಲಗಳಲ್ಲಿ ಗುಜರಾತ್ ಒಂದು. ವಡೋದರಾದ ಹೊರವಲಯದ ಕೊಯಾಲಿಯಂಥ ಊರಿನಲ್ಲಿ ಅದರ ಎಲ್ಲ ಎಳೆಗಳೂ ಒಂದೆಡೆ ಸೇರುತ್ತವೆ. 1960ರ ದಶಕದಲ್ಲಿ ಸೋವಿಯತ್ ನೆರವಿನಿಂದ ತೈಲ ಶುದ್ಧೀಕರಣ ಘಟಕ ಎದ್ದುನಿಂತ ಮೇಲೆ ಅಲ್ಲಿ ಹಳೆಯ ಹಳ್ಳಿ, ಜವಾಹರನಗರದ ಟೌನ್‌ಶಿಪ್, ಗುತ್ತಿಗೆ ಕಾರ್ಮಿಕರ ಬಾಡಿಗೆ ಕೋಣೆ ಮೂರೂ ಅಕ್ಕಪಕ್ಕ. ಇಂಥ ಊರುಗಳಲ್ಲಿ ಮೂರು ತುಂಬಿದ ಮಗುವಿಗೆ ತೆರೆಯುವ ಬಾಗಿಲು ಅಪ್ಪನ ಸಂಬಳದ ಚೀಟಿ ನೋಡಿಯೇ ತೆರೆಯುತ್ತದೆ.

ಮೀಸೆ ಹೊತ್ತ ತಾಯಿ

ಜರ್ಮನಿಯ ಫ್ರೋಬೆಲ್ 1840ರಲ್ಲಿ ‘ಕಿಂಡರ್‌ಗಾರ್ಟನ್’ ಎಂಬ ಹೆಸರು ಕೊಟ್ಟ. ಮಕ್ಕಳ ತೋಟ ಎಂದದರ ಅರ್ಥ. ಪ್ರಷ್ಯಾ ಸರ್ಕಾರ 1851ರಲ್ಲಿ ಅದನ್ನು ನಿಷೇಧಿಸಿತು. ಪುಟ್ಟ ಮಕ್ಕಳ ಆಟಕ್ಕೂ ದೊರೆಗಳು ಹೆದರಿದ್ದುಂಟು. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ‘ಮಕ್ಕಳ ಮನೆ’ ತೆರೆದರು. ಈ ಎರಡು ಹೊಳೆಗಳು ಗುಜರಾತಿಗೆ ಹರಿದು ಬಂದದ್ದು ಒಬ್ಬ ವಕೀಲರ ಮೂಲಕ.

ಗಿಜುಭಾಯಿ ಬಧೇಕಾ ಹುಟ್ಟಿದ್ದು 1885ರ ನವೆಂಬರ್ 15ರಂದು. ಪೂರ್ವ ಆಫ್ರಿಕಾಕ್ಕೆ ಹೋಗಿ ಬಂದು, ಮುಂಬಯಿಯಲ್ಲಿ ಕಾನೂನು ಓದಿ, ಕಾಠಿಯಾವಾಡದ ವಢವಾಣದಲ್ಲಿ ವಕೀಲಿ ಹಿಡಿದವರು. 1913ರಲ್ಲಿ ಮಗ ಹುಟ್ಟಿದ. ಅವನನ್ನು ಯಾವ ಶಾಲೆಗೆ ಕಳಿಸುವುದು ಎಂಬ ಅಪ್ಪಂದಿರ ಎಂದಿನ ಚಿಂತೆ ಅವರನ್ನು ಶಿಕ್ಷಣತಜ್ಞ ಮೋತಿಭಾಯಿ ಅಮೀನರ ಬಳಿಗೆ, ಅಲ್ಲಿಂದ ಮಾಂಟೆಸ್ಸರಿಯ ಬರಹಗಳ ಬಳಿಗೆ ಒಯ್ದಿತು. 1916ರಲ್ಲಿ ಕರಿಕೋಟು ಕಳಚಿಟ್ಟು, ನಾನಾಭಾಯಿ ಭಟ್ ಸ್ಥಾಪಿಸಿದ್ದ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆ ಸೇರಿದರು. 1920ರಲ್ಲಿ ಅಲ್ಲಿ ಬಾಲಮಂದಿರ ಆರಂಭವಾಯಿತು. ದಪ್ಪ ಮೀಸೆಯ ಈ ಗಂಡಸಿಗೆ ಗುಜರಾತ್ ಕೊಟ್ಟ ಹೆಸರು ‘ಮುಛಾಳಿ ಮಾ’, ಮೀಸೆ ಹೊತ್ತ ತಾಯಿ.

ಗಿಜುಭಾಯಿ ಮಾಂಟೆಸ್ಸರಿಯ ಶಿಷ್ಯರೇ ಹೌದು, ಆದರೆ ಆಕೆಯ ಪಡಿಯಚ್ಚಲ್ಲ. ಮಾಂಟೆಸ್ಸರಿಗೆ ಆರರೊಳಗಿನ ಮಗುವಿಗೆ ರಾಜ, ರಾಕ್ಷಸ, ಮಾತಾಡುವ ಕಾಗೆಯ ಕಥೆ ಹೇಳುವುದರಲ್ಲಿ ನಂಬಿಕೆಯಿರಲಿಲ್ಲ. ಮಗು ಮೊದಲು ಕಣ್ಣೆದುರಿನ ನಿಜವನ್ನು ಹಿಡಿಯಲಿ, ನೀರು ಸುರಿಯಲಿ, ಗುಂಡಿ ಹಾಕಲಿ, ಮಣಿ ಎಣಿಸಲಿ ಎಂಬುದು ಅವರ ಪಟ್ಟು. ಗಿಜುಭಾಯಿಗಾದರೋ ಕಥೆ ಇಲ್ಲದ ಶಾಲೆ ಉಪ್ಪಿಲ್ಲದ ಊಟ. ಕಥೆ ಹೇಳುವ ವಿದ್ಯೆಯ ಮೇಲೆಯೇ ‘ವಾರ್ತಾನುಂ ಶಾಸ್ತ್ರ’ ಎಂಬ ಪುಸ್ತಕ ಬರೆದರು; ಜನರ ಬಾಯಲ್ಲಿದ್ದ ಕಥೆಗಳನ್ನು ಹೆಕ್ಕಿ ಮಕ್ಕಳ ಕಿವಿಗೆ ಹೊಂದುವಂತೆ ತಿದ್ದಿದರು. 1932ರ ‘ದಿವಾಸ್ವಪ್ನ’ದ ಕಲ್ಪಿತ ಮೇಷ್ಟ್ರು ಗದ್ದಲದ ತರಗತಿಯನ್ನು ಹಿಡಿತಕ್ಕೆ ತರುವುದೂ ಬೆತ್ತದಿಂದಲ್ಲ, ಕಥೆಯಿಂದ. ಅವರ ಹುಟ್ಟುಹಬ್ಬ ಇಂದು ಗುಜರಾತಿನ ಶಾಲೆಗಳಲ್ಲಿ ‘ಬಾಲವಾರ್ತಾ ದಿನ’, ಅಂದರೆ ಮಕ್ಕಳ ಕಥೆಯ ದಿನ.

ಅದೇ ದಶಕಗಳಲ್ಲಿ ಕನ್ನಡ ನಾಡಿನಲ್ಲೂ ಮಗುವಿನತ್ತ ಹೊರಳಿದ ಕಣ್ಣುಗಳಿದ್ದವು. ಪಂಜೆ ಮಂಗೇಶರಾಯರು ಮೇಷ್ಟರಿಗಾಗಿಯಲ್ಲದೆ ಮಕ್ಕಳಿಗಾಗಿಯೇ ಹಾಡು, ಕಥೆ ಬರೆದರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಕ್ಕಿಳಿದು, 1936ರಲ್ಲಿ ‘ಬಾಲಪ್ರಪಂಚ’ ತಂದರು. ಆರ್. ಕಲ್ಯಾಣಮ್ಮ 1938ರಲ್ಲಿ ಬೆಂಗಳೂರಿನಲ್ಲಿ ‘ಮಕ್ಕಳ ಕೂಟ’ ಕಟ್ಟಿದರು. ಆದರೆ ಇಲ್ಲಿ ಹಾಡು ಗಟ್ಟಿಯಾಯಿತೇ ಹೊರತು ಭಾವನಗರದಂತೆ ಶಿಶುಶಿಕ್ಷಕರನ್ನು ತರಬೇತು ಮಾಡುವ ಪರಂಪರೆ ಆ ಹೊತ್ತಿಗೆ ಅಷ್ಟು ಬೇರುಬಿಡಲಿಲ್ಲ ಎನ್ನಬೇಕು.

ಅಂಗಳಕ್ಕೆ ಇಳಿದ ಶಾಲೆ

ಬಾಲಮಂದಿರಗಳ ಮೇಲೆ ಬಂದ ಮೊದಲ ದೊಡ್ಡ ಟೀಕೆ ಹೊರಗಿನವರದಲ್ಲ, ಮನೆಯೊಳಗಿನದು. ನುಣುಪಾದ ಮರದ ಸಾಮಗ್ರಿ, ಶುಭ್ರ ಕೋಣೆ, ತರಬೇತಾದ ಶಿಕ್ಷಕಿ ಎಲ್ಲ ಪೇಟೆಯ ಅನುಕೂಲಸ್ಥರಿಗೆ ಸರಿ. ಹೊಲಕ್ಕೆ ಹೋಗುವ ತಾಯಿಯ ಮಗುವಿಗೆ ಏನು? ಭಾವನಗರದಲ್ಲಿ ಗಿಜುಭಾಯಿಯ ಜೊತೆ ದುಡಿದ ತಾರಾಬಾಯಿ ಮೋಡಕ್ ಈ ಪ್ರಶ್ನೆಯನ್ನು ಕಟ್ಟಿಕೊಂಡು 1945ರಲ್ಲಿ ಗುಜರಾತಿನ ಗಡಿಗೆ ಅಂಟಿಕೊಂಡ ಬೋರ್ಡಿ ಎಂಬ ಊರಿಗೆ ಹೋದರು. ಜೊತೆಗೆ ಅನುತಾಯಿ ವಾಘ್.

ಕರೆದರೆ ಮಕ್ಕಳು ಬರಲಿಲ್ಲ. ಸರಿ, ಶಾಲೆಯೇ ಅವರ ಅಂಗಳಕ್ಕೆ ಹೋಯಿತು. ಮಣಿಗಳ ಬದಲು ಬೀಜ, ಕಪ್ಪೆಚಿಪ್ಪು, ಬೆಣಚುಕಲ್ಲು. ಬಣ್ಣದ ಫಲಕಗಳ ಬದಲು ಎಲೆ, ಹೂವು. ಮೊದಲ ಕೆಲಸ ಅಕ್ಷರವಲ್ಲ, ಮುಖ ತೊಳೆಯುವುದು, ಉಗುರು ಕತ್ತರಿಸುವುದು. ಮುಂದೆ ಕೋಸಬಾಡದ ಗುಡ್ಡದಲ್ಲಿ ದನ ಕಾಯುವ ಆದಿವಾಸಿ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಪಾಠ ನಡೆಯಿತು. ನಾವಿಂದು ಸರ್ಕಾರದ್ದು ಎಂದುಕೊಂಡಿರುವ ‘ಅಂಗನವಾಡಿ’ ಎಂಬ ಮಾತಿನ ಬೇರು ಈ ಅಂಗಳದಲ್ಲಿದೆ.

ಮೀನಾ ಸ್ವಾಮಿನಾಥನ್ ಅಧ್ಯಕ್ಷತೆಯ ಅಧ್ಯಯನ ತಂಡ 1972ರಲ್ಲಿ ಕೊಟ್ಟ ವರದಿ ಆಹಾರ, ಆರೋಗ್ಯ, ಕಲಿಕೆ ಬೇರೆಬೇರೆ ಇಲಾಖೆಗಳಲ್ಲಿ ಹರಿದುಹೋಗಬಾರದು ಎಂದಿತು. 1975ರ ಅಕ್ಟೋಬರ್ 2ರಂದು 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಗುಜರಾತಿನಲ್ಲಿ ಆಗ ವಡೋದರಾ ಜಿಲ್ಲೆಯಲ್ಲಿದ್ದ ಛೋಟಾ ಉದೇಪುರ, ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರ ಆ ಮೊದಲ ಪಟ್ಟಿಯಲ್ಲಿದ್ದವು. ಈಗ ದೇಶದಲ್ಲಿ ಆ ಯೋಜನೆಯ ಸುಮಾರು 14 ಲಕ್ಷ ಅಂಗನವಾಡಿಗಳಿವೆ. ಗುಜರಾತಿನಲ್ಲಿ ಅವಕ್ಕೆ ‘ನಂದಘರ್’ ಎಂಬ ಮುದ್ದಿನ ಹೆಸರು; ಸಹಾಯಕಿಗೆ ‘ತೇಡಾಗರ್’. ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವವಳು ಎಂದು ಅದರ ಅರ್ಥ. ಆಕೆ ಸೊಂಟದ ಮೇಲೊಂದು, ಕೈಯಲ್ಲೆರಡು ಮಕ್ಕಳನ್ನು ತರುವುದನ್ನು ಕಂಡವರಿಗೆ ‘ಸಹಾಯಕಿ’ ಎಂಬ ನಮ್ಮ ಮಾತು ಬಡವಾಗಿ ಕೇಳಿಸುತ್ತದೆ.

ಇತ್ತ ಹಂಸಾ ಮೆಹ್ತಾ ಕುಲಪತಿಯಾಗಿದ್ದಾಗ ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1950ರಲ್ಲಿ ಗೃಹವಿಜ್ಞಾನ ವಿಭಾಗ ತೆರೆಯಿತು. ಅದರ ಶಿಶುವಿಕಾಸ ಶಾಖೆಗೆ ಅಂಟಿಕೊಂಡ ‘ಚೇತನ್ ಬಾಲವಾಡಿ’ ಪ್ರಯೋಗಶಾಲೆಯೂ ಹೌದು, ಶಾಲೆಯೂ ಹೌದು. ಮಗುವನ್ನು ಕುಳಿತು ಗಮನಿಸುವುದು, ಬರೆದಿಡುವುದು, ಆ ಟಿಪ್ಪಣಿಯಿಂದ ನಾಳಿನ ಚಟುವಟಿಕೆ ಹೊಂದಿಸುವುದು ಒಂದು ವೃತ್ತಿ ಎಂಬುದನ್ನು ಇಂಥ ಕಡೆ ಕಲಿತವರು ನಂಬಿದರು. ಹಾಗೆ ನೋಡಿದರೆ ಕೊಯಾಲಿಯಿಂದ ಬಸ್ಸಿನ ದಾರಿಯಷ್ಟು ದೂರದಲ್ಲಿ ಒಂದು ವಿಜ್ಞಾನವೇ ಇತ್ತು. ಅದು ಸುತ್ತಲ ಸಾಮಾನ್ಯ ನರ್ಸರಿಗಳ ತನಕ ಎಷ್ಟು ನಡೆಯಿತು ಎಂಬುದು ಬೇರೆ ಮಾತು.

ಕೈ, ಕಥೆ, ಕಾಪಿ, ಹಬ್ಬ

ಇಂದಿನ ವಾದಿಗಳನ್ನು ಗುರುತಿಸುವುದು ಕಷ್ಟವಲ್ಲ. ಕೈಯ ಪಕ್ಷದವರು ಮಾಂಟೆಸ್ಸರಿಯ ವಂಶ. 1939ರಿಂದ 46ರವರೆಗಿನ ಭಾರತವಾಸದಲ್ಲಿ ಆಕೆ ಮದರಾಸಿನ ಅಡಯಾರಿನ ಜೊತೆಗೆ ಅಹಮದಾಬಾದಿನಲ್ಲೂ ತರಬೇತಿ ಕೊಟ್ಟರು. ಮಗು ಬೇಳೆ ಆರಿಸುವುದು, ಚಾಪೆ ಸುತ್ತುವುದು ಇವರಿಗೆ ‘ಆಟ’ವಲ್ಲ, ಕೆಲಸ. ಚಪ್ಪಾಳೆ ಬೇಡ, ಸ್ಟಾರ್ ಬೇಡ. ಮುಗಿಸಿದ ತೃಪ್ತಿಯೇ ಬಹುಮಾನ. ಮಗುವಿನ ತನ್ಮಯತೆಯನ್ನು ಇಷ್ಟು ಚೆನ್ನಾಗಿ ವಿವರಿಸಿದ ಪಕ್ಷ ಇನ್ನೊಂದಿಲ್ಲ. ಆದರೆ ಒಂದು ಮಣಿಸರವನ್ನು ಹಾವು ಮಾಡಿ ಆಡುವ ಮಗುವಿನ ಮುಂದೆ ಈ ಪಕ್ಷ ಸ್ವಲ್ಪ ತಬ್ಬಿಬ್ಬಾಗುತ್ತದೆ.

ಕಥೆಯ ಪಕ್ಷಕ್ಕೆ ಆ ಹಾವೇ ಮುಖ್ಯ. ಗಿಜುಭಾಯಿಯಿಂದ ಹಿಡಿದು, ಲೀನಾ ಸಾರಾಭಾಯಿ 1947ರಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ ಶ್ರೇಯಸ್ ಶಾಲೆಯ ಕಲೆ, ಜಾನಪದದ ಒಲವಿನವರೆಗೆ ಇದರ ಕೊಂಬೆಗಳಿವೆ. ಮಗು ಭಾಷೆಯನ್ನು ಮೊದಲು ಕಿವಿಯಲ್ಲಿ ಕಟ್ಟಿಕೊಳ್ಳುತ್ತದೆ, ನಟಿಸಿ ಅರ್ಥಮಾಡಿಕೊಳ್ಳುತ್ತದೆ ಎಂಬುದು ಇದರ ತಳಹದಿ. ಖರ್ಚಿಲ್ಲ, ಸಾಮಗ್ರಿ ಬೇಡ. ಬೇಕಾದದ್ದು ನೂರು ಕಥೆ ಗೊತ್ತಿರುವ ಒಬ್ಬರು, ಆಕೆಗೆ ಕಥೆ ಹೇಳುವಷ್ಟು ಪುರಸತ್ತು. ಎರಡನೆಯದು ಮೊದಲನೆಯದಕ್ಕಿಂತ ದುರ್ಲಭ.

ಮೂರನೆಯದು ಕಾಪಿಯ ಪಕ್ಷ. ಇದನ್ನು ಬೈಯುವುದು ಲೇಖಕರಿಗೆ ಸುಲಭ, ಅರ್ಥಮಾಡಿಕೊಳ್ಳುವುದು ಕಷ್ಟ. ಮೂರು ವರ್ಷದ ಮಗುವಿನ ಮಣಿಕಟ್ಟಿನ ಮೂಳೆಗಳು ಇನ್ನೂ ಪೂರ್ತಿ ರೂಪುಗೊಂಡಿರುವುದಿಲ್ಲ. ಆ ಕೈಗೆ ಪೆನ್ಸಿಲ್ ಕೊಟ್ಟು ನಾಲ್ಕು ಗೆರೆ ಪುಸ್ತಕದಲ್ಲಿ ಅಕ್ಷರ ತುಂಬಿಸುವುದು ಅನ್ಯಾಯ ಎಂಬುದರಲ್ಲಿ ತಜ್ಞರಿಗೆ ಭಿನ್ನಾಭಿಪ್ರಾಯವಿಲ್ಲ. 1993ರಲ್ಲೇ ಯಶಪಾಲ್ ಸಮಿತಿ ನರ್ಸರಿ ಪ್ರವೇಶಕ್ಕೆ ಪರೀಕ್ಷೆ, ಸಂದರ್ಶನ ಬೇಡವೆಂದಿತು. ಆದರೂ ಗುತ್ತಿಗೆ ಕಾರ್ಮಿಕನೊಬ್ಬ ತಿಂಗಳ ಫೀಸಿಗೆ ಪ್ರತಿಯಾಗಿ ಏನನ್ನು ನೋಡಬಲ್ಲ? ಮಗು ಮರಳಿನಲ್ಲಿ ಅಳತೆ ಕಲಿತದ್ದು ಕಣ್ಣಿಗೆ ಕಾಣುವುದಿಲ್ಲ, ಎ ಬಿ ಸಿ ಡಿ ಬರೆದ ಪುಟ ಕಾಣುತ್ತದೆ. ಒಂದನೇ ತರಗತಿಯಲ್ಲಿ ಓದು ಬರಹ ಬರಲೇಬೇಕೆಂದು ಮುಂದಿನ ಶಾಲೆ ಕಾದಿರುವಾಗ ನರ್ಸರಿ ಮಾತ್ರ ನಿಧಾನ ಹೋಗಲಿ ಎನ್ನುವುದು ಉಳ್ಳವರಿಗೆ ಒಪ್ಪುವ ಮಾತು.

ಕೊನೆಯದು ಹಬ್ಬದ ಪಕ್ಷ. ಕೆಂಪು ದಿನ, ಮಾವಿನ ದಿನ, ಅಜ್ಜ ಅಜ್ಜಿಯರ ದಿನ, ಮಟಕಿ ಒಡೆಯುವ ಪುಟ್ಟ ಕೃಷ್ಣ, ಒಂಬತ್ತು ದಿನದ ಗರ್ಬಾ. ಗುಜರಾತ್ ಸರ್ಕಾರವೂ ಎರಡು ದಶಕಗಳಿಂದ ಮಕ್ಕಳನ್ನು ಶಾಲೆಗೆ ಸೇರಿಸುವುದನ್ನೇ ‘ಪ್ರವೇಶೋತ್ಸವ’ ಮಾಡಿದೆ. ಹಬ್ಬ ಮನೆ ಮತ್ತು ಶಾಲೆಯ ನಡುವಿನ ಹೊಸ್ತಿಲನ್ನು ತಗ್ಗಿಸುತ್ತದೆ, ಅಂಗನವಾಡಿಗೆ ಎಂದೂ ಕಾಲಿಡದ ಅಪ್ಪನನ್ನೂ ಒಳತರುತ್ತದೆ ಎಂಬುದು ಇದರ ಸಮರ್ಥನೆ, ಅದರಲ್ಲಿ ಹುರುಳಿದೆ. ತೊಂದರೆ ಶುರುವಾಗುವುದು ತಾಲೀಮಿನಲ್ಲಿ. ವಾರ್ಷಿಕೋತ್ಸವದ ಮೂರು ನಿಮಿಷದ ಕುಣಿತಕ್ಕೆ ಮೂರು ವಾರದ ಬೆಳಗುಗಳು ಹೋಗುತ್ತವೆ; ವೇದಿಕೆಯಲ್ಲಿ ಅತ್ತ ಮಗುವಿನ ವಿಡಿಯೊ ಎಲ್ಲರಿಗೂ ತಮಾಷೆ. ಗರ್ಬಾದ ಸುತ್ತು ಮಗುವಿಗೆ ಎಡಬಲ, ಲಯ, ಸಾಲು ಎಲ್ಲವನ್ನೂ ಕಲಿಸಬಲ್ಲದು. ಆದರೆ ದಿನವೂ ಅಂಗಳದಲ್ಲಿ, ಹೆಜ್ಜೆ ತಪ್ಪಿದರೆ ನಕ್ಕು ಮತ್ತೆ ಸುತ್ತುವ ಸ್ವಾತಂತ್ರ್ಯವಿದ್ದರೆ.

ಅಧ್ಯಯನಗಳು ಕೊಟ್ಟ ಅರೆಬರೆ ಉತ್ತರ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1962ರಲ್ಲಿ ಆರಂಭವಾದ ಪೆರಿ ಪ್ರಯೋಗ 123 ಬಡ ಮಕ್ಕಳನ್ನು ನಡುವಯಸ್ಸಿನವರೆಗೂ ಹಿಂಬಾಲಿಸಿತು. ಒಳ್ಳೆಯ ಶಿಶುಶಾಲೆ ಕಂಡವರ ದುಡಿಮೆ, ಬದುಕು ಮೇಲಾಗಿತ್ತು. ಶಿಶುಶಿಕ್ಷಣದ ಪರ ಮಾತಾಡುವವರೆಲ್ಲ ಇದನ್ನು ಉದಾಹರಿಸುತ್ತಾರೆ. ಆದರೆ 2022ರಲ್ಲಿ ಪ್ರಕಟವಾದ ಟೆನೆಸ್ಸಿ ಅಧ್ಯಯನ ಉಲ್ಟಾ ಹೊಡೆಯಿತು: ಅಲ್ಲಿನ ಸರ್ಕಾರಿ ಶಿಶುತರಗತಿಗೆ ಹೋದ ಮಕ್ಕಳು ಆರನೇ ತರಗತಿಯ ಹೊತ್ತಿಗೆ, ಹೋಗದವರಿಗಿಂತ ಹಿಂದುಳಿದಿದ್ದರು. ಶಿಶುತರಗತಿ ಇದ್ದರೆ ಸಾಲದು, ಅದರೊಳಗೆ ಏನು ನಡೆಯುತ್ತದೆ ಎಂಬುದೇ ಮುಖ್ಯ ಎಂಬ ಸಂಶಯ ಗಟ್ಟಿಯಾಯಿತು.

ಭಾರತದ ಎರಡು ಪ್ರಯೋಗಗಳು ಇನ್ನೂ ಹತ್ತಿರದವು. ದಿಲ್ಲಿಯಲ್ಲಿ ಪ್ರಥಮ್ ಸಂಸ್ಥೆಯ ಶಿಶುಕೇಂದ್ರಗಳಲ್ಲಿ ಗಣಿತದ ಆಟ ಆಡಿದ ಮಕ್ಕಳ ಎಣಿಕೆಯ ಅರಿವು ಒಂದು ವರ್ಷದ ಬಳಿಕವೂ ಉಳಿಯಿತು. ಶಾಲೆಯ ಗಣಿತದಲ್ಲಿ ಮಾತ್ರ ಮುನ್ನಡೆ ಕಾಣಲಿಲ್ಲ. 2017ರ ಈ ಫಲಿತಾಂಶ ಆಟದ ಪರ ನಿಂತವರಿಗೂ ಕಾಪಿಯ ಪಕ್ಷಕ್ಕೂ ಸಮನಾಗಿ ಮುಜುಗರ ತಂದಿತು. ತಮಿಳುನಾಡಿನಲ್ಲಿ 640 ಅಂಗನವಾಡಿಗಳನ್ನು ಆಯ್ದು, ಅರ್ಧದಷ್ಟು ಕಡೆ ಕಲಿಕೆಗೆಂದೇ ಇನ್ನೊಬ್ಬ ಅರೆಕಾಲಿಕ ಕಾರ್ಯಕರ್ತೆಯನ್ನು ಕೊಟ್ಟರು. ಕಲಿಕೆಯ ಹೊತ್ತು ದುಪ್ಪಟ್ಟಾಯಿತು, ಮಕ್ಕಳ ಭಾಷೆ, ಗಣಿತ ಸುಧಾರಿಸಿತು, ಅಪೌಷ್ಟಿಕತೆಯೂ ಇಳಿಯಿತು. ಹೊಸ ಪಠ್ಯಕ್ರಮಕ್ಕಿಂತ ಇನ್ನೆರಡು ಕೈ ಹೆಚ್ಚು ಕೆಲಸ ಮಾಡಿದವು.

ಇಲ್ಲಿಗೆ ಬಂದರೆ ನಾಲ್ಕು ಪಕ್ಷಗಳ ಜಗಳದ ಬಣ್ಣವೇ ಬದಲಾಗುತ್ತದೆ. 2022ರ ಅಕ್ಟೋಬರಿನ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆಟ, ಕಥೆ, ಹಾಡು, ಗೊಂಬೆ ಎಲ್ಲವನ್ನೂ ಒಪ್ಪಿಕೊಂಡಿದೆ; 2023ರ ‘ಜಾದುಯಿ ಪಿಟಾರಾ’ ಎಂಬ ಕಲಿಕಾ ಸಾಮಗ್ರಿಯ ಪೆಟ್ಟಿಗೆಯೂ ಬಂದಿದೆ. ಕಾಗದದ ಮೇಲೆ ಗಿಜುಭಾಯಿ ಗೆದ್ದಿದ್ದಾರೆ. ಆದರೆ ಪೆಟ್ಟಿಗೆ ತೆರೆಯುವವರು ಯಾರು? ಅಂಗನವಾಡಿ ಕಾರ್ಯಕರ್ತೆ ಮಗುವಿನ ತೂಕ ನೋಡಬೇಕು, ಗರ್ಭಿಣಿಯರ ಮನೆಗೆ ಹೋಗಬೇಕು, ಊಟ ಬಡಿಸಬೇಕು, 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಎಲ್ಲವನ್ನೂ ಒತ್ತಬೇಕು. 2013ರ ರಾಷ್ಟ್ರೀಯ ನೀತಿ ಮೂರು ದಾಟಿದ 20 ಮಕ್ಕಳಿಗೆ ಒಬ್ಬ ಶಿಕ್ಷಕಿ ಇರಲಿ ಎನ್ನುತ್ತದೆ. ಅಂಗನವಾಡಿ ಕಾರ್ಯಕರ್ತೆಗೆ ಕೊಡುವುದು ಮಾತ್ರ ಸಂಬಳವಲ್ಲ, ‘ಗೌರವಧನ’. ಗುಜರಾತಿನ ದಾಹೋದ್ ಜಿಲ್ಲೆಯ ಕಾರ್ಯಕರ್ತೆಯರು ಹೂಡಿದ ಮೊಕದ್ದಮೆಯಲ್ಲಿ 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಇವರಿಗೂ ಗ್ರಾಚ್ಯುಯಿಟಿ ಸಲ್ಲಬೇಕೆಂದು ಹೇಳಬೇಕಾಯಿತು. ಹಾರದ ಗಾಳಿಪಟದ ಅರ್ಧ ಗಂಟೆ ಅಗ್ಗದ್ದಲ್ಲ. ಅಂಟು ಒರೆಸಲು, ಕಡ್ಡಿ ಕಣ್ಣಿಗೆ ತಾಗದಂತೆ ಕಾಯಲು ಆಳು ಬೇಕು. ಗೋಡೆಯ ಮೇಲಿನ ಒಂದೇ ಅಳತೆಯ ಪಟಗಳು ಟೀಚರಿನ ಅಜ್ಞಾನಕ್ಕಿಂತ ಅವರ ಒಂಟಿತನವನ್ನು ಹೆಚ್ಚು ತೋರಿಸುತ್ತವೆ.

ಇತ್ಯರ್ಥವಾಗದೆ ಉಳಿದದ್ದು

ವಯಸ್ಸಿನ ಪ್ರಶ್ನೆ ಮೊದಲು. ಒಂದನೇ ತರಗತಿಗೆ ಆರು ತುಂಬಿರಬೇಕೆಂಬ ನಿಯಮವನ್ನು ಗುಜರಾತ್ 2023ರಲ್ಲಿ ಜಾರಿಗೆ ತಂದಿತು. ಪೋಷಕರು ಹೈಕೋರ್ಟಿಗೆ ಹೋದರು, ಸೋತರು; ಮೂರು ತುಂಬದ ಮಗುವನ್ನು ಶಿಶುಶಾಲೆಗೆ ದೂಡಿದ್ದೇ ಪೋಷಕರ ಕಾನೂನುಬಾಹಿರ ನಡೆ ಎಂದಿತು ನ್ಯಾಯಪೀಠ. ಕರ್ನಾಟಕವೂ ಅದೇ ನಿಯಮ ಹೊರಡಿಸಿ, 2025ರ ಏಪ್ರಿಲಿನಲ್ಲಿ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತು. ಈ ಹಗ್ಗಜಗ್ಗಾಟದಲ್ಲಿ ಸೇರಿಕೊಂಡ ಹೆಚ್ಚುವರಿ ವರ್ಷವನ್ನು ಮಗು ಹೇಗೆ ಕಳೆಯಬೇಕು ಎಂಬ ಚರ್ಚೆ ನ್ಯಾಯಾಲಯದಲ್ಲೂ ವಿಧಾನಸೌಧದಲ್ಲೂ ಹೆಚ್ಚು ಕೇಳಿಬರಲಿಲ್ಲ.

ಆ ವರ್ಷ ಯಾರ ಸೂರಿನಡಿ ಎಂಬುದೂ ತೀರ್ಮಾನವಾಗಿಲ್ಲ. ಗುಜರಾತ್ ಪ್ರಾಥಮಿಕ ಶಾಲೆಗಳೊಳಗೆ ‘ಬಾಲವಾಟಿಕಾ’ ಎಂಬ ಶಿಶುತರಗತಿ ತೆರೆದಿದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ವಿಸ್ತರಿಸಲು ಹೊರಟಾಗ 2024ರ ಜೂನ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನ ಬೀದಿಗಿಳಿದರು. ಮಕ್ಕಳು ಅತ್ತ ಹೋದರೆ ಕೇಂದ್ರಗಳು ಖಾಲಿಯಾಗುತ್ತವೆ ಎಂಬ ಅವರ ಭಯ ಬರಿಯ ಭಯವಲ್ಲ. ಇನ್ನು ಹಕ್ಕಿನ ಮಾತು. 2002ರ 86ನೇ ತಿದ್ದುಪಡಿ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿದ್ದು ಆರರಿಂದ 14ರವರಿಗೆ ಮಾತ್ರ. ಆರರ ಕೆಳಗಿನವರಿಗೆ ಸರ್ಕಾರ ವ್ಯವಸ್ಥೆ ‘ಮಾಡಬಹುದು’ ಎನ್ನುತ್ತದೆ 2009ರ ಕಾಯ್ದೆ.

ಗಡಿಯಾರ ಇನ್ನೊಂದು ತೊಡಕು. ಅಂಗನವಾಡಿ ಮಧ್ಯಾಹ್ನದ ಹೊತ್ತಿಗೆ ಮುಗಿಯಿತೆಂದರೆ ತಾಯಿಯ ಕೂಲಿ ಮುಗಿದಿರುವುದಿಲ್ಲ. ಅಹಮದಾಬಾದಿನ ‘ಸೇವಾ’ ಎಂಬ ದುಡಿಯುವ ಮಹಿಳೆಯರ ಸಂಘಟನೆಯ ಹೆಂಗಸರು ಇದನ್ನರಿತು ತಮ್ಮದೇ ಸಹಕಾರಿ ಸಂಘದ ಮೂಲಕ ದಿನವಿಡೀ ನಡೆಯುವ ಶಿಶುಕೇಂದ್ರಗಳನ್ನು ಕಟ್ಟಿಕೊಂಡರು. ಕರ್ನಾಟಕದ ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’ ಅದೇ ದಿಕ್ಕಿನ ಹೆಜ್ಜೆ. ಆದರೆ ಒಂಬತ್ತು ಗಂಟೆ ಮಗುವನ್ನು ನೋಡಿಕೊಳ್ಳುವ ಜಾಗ ಪಾಲನೆಯದೋ ಕಲಿಕೆಯದೋ, ಅದರ ದಿನಚರಿಯಲ್ಲಿ ನಿದ್ದೆಗೆಷ್ಟು ಪಾಲು, ಕಥೆಗೆಷ್ಟು ಎಂಬುದನ್ನು ಯಾವ ಪಕ್ಷವೂ ಕೂತು ಬಿಡಿಸಿಲ್ಲ.

ಇನ್ನು ಭಾಷೆ. ಸೂರತ್ ಮಹಾನಗರಪಾಲಿಕೆ ಗುಜರಾತಿಯ ಜೊತೆಗೆ ಮರಾಠಿ, ಹಿಂದಿ, ಉರ್ದು, ಒಡಿಯಾ, ತೆಲುಗು, ಇಂಗ್ಲಿಷ್ ಮಾಧ್ಯಮಗಳಲ್ಲೂ ಶಾಲೆ ನಡೆಸುತ್ತದೆ. ಮಗ್ಗದ ಕೇರಿಗಳಿಗೆ ಬಂದ ವಲಸಿಗರ ಒತ್ತಾಯ ಅದು. ಶಿಶುತರಗತಿಯ ಮಟ್ಟಿಗೆ ಇಂಥ ಹರವು ಅಪರೂಪ. ಮನೆಯ ಮಾತಿನಲ್ಲೇ ಕಲಿಕೆ ಆರಂಭವಾಗಲಿ ಎಂದು 2020ರ ಶಿಕ್ಷಣ ನೀತಿ ಹೇಳುತ್ತದೆ, ಗಿಜುಭಾಯಿಯೂ ಹೇಳಿದ್ದರು. ಕೊಯಾಲಿಯಂಥ ಕೈಗಾರಿಕಾ ಊರಿನ ಒಂದು ಕೋಣೆಯಲ್ಲಿ ಗುಜರಾತಿ ಕಾರ್ಯಕರ್ತೆಯ ಮುಂದೆ ಒಂದು ಒಡಿಯಾ ಮಗು, ಒಂದು ಭೋಜಪುರಿ ಮಗು, ರಾಯಚೂರಿನ ಕಡೆಯಿಂದ ಬಂದ ಒಂದು ಕನ್ನಡದ ಮಗು ಕೂತರೆ, ಕಾಗೆ ಗುಬ್ಬಿಯ ಕಥೆಯನ್ನು ಆಕೆ ಯಾವ ನುಡಿಯಲ್ಲಿ ಶುರುಮಾಡಬೇಕು?